ಎಡಸಾಲಿನ ಐವರು

ಶಾಮ್‌ಬರ್ಗ್, 14 ಸೆಪ್ಟೆಂಬರ್ 2008

ಶ್ರೀ ಚಂದ್ರಮೌಳಿ ಅವರಿಗೆ, ನಮಸ್ಕಾರ.

ನಾನು ಚೇತನಾ. ಊರು ಧಾರವಾಡ, ಸದ್ಯ ಶಿಕಾಗೋ ಹತ್ತಿರದ ಶಾಮ್‌ಬರ್ಗಿನಲ್ಲಿ ಕನ್ಸಲ್ಟೆಂಟ್ ಕೆಲಸ. ನಿಮ್ಮ ಆನ್‌ಲೈನ್ ಆಟದ ತಂಡಕ್ಕೆ, ಅಂದರೆ ‘ಹತ್ತು ತಲೆ’ ಗಿಲ್ಡಿಗೆ, ಸೇರಲು ಈ ಅರ್ಜಿ. ನಿಮ್ಮ ಇಮೇಲ್ ವಿಳಾಸ ಕೊಟ್ಟವಳು ನಿಮ್ಮ ಗಿಲ್ಡಿನ ಅನು. “ಕನ್ನಡದಲ್ಲೇ ಬರೀಬೇಕು, ಕಾಗದದ ಥರ ಇರ್ಬೇಕು, ಫೋನ್ ಮಾಡಿದ್ರೆ ಅಂಕಲ್ ಎತ್ತೋದೇ ಇಲ್ಲ” ಎಂದು ಹೆದರಿಸಿದಳು. ಅದಕ್ಕಾಗಿಯೇ ಕನ್ನಡ ಟೈಪಿಂಗ್ ಕಲಿತೆ. ತಪ್ಪಿದ್ದರೆ ಮನ್ನಿಸಬೇಕು.

ಆಟ ನನಗೆ ಹೊಸದಲ್ಲ. ಹತ್ತು ಜನ ತಮ್ಮ ತಮ್ಮ ಮನೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು, ಕಂಪ್ಯೂಟರಿನ ಒಂದೇ ಗುಹೆಗೆ ನುಗ್ಗಿ, ಒಂದೇ ರಾಕ್ಷಸನನ್ನು ಹೊಡೆಯುವುದಕ್ಕೆ ರೇಡ್ ಎನ್ನುತ್ತಾರೆ ಎಂದು ಊರಿನಲ್ಲಿರುವ ಅವ್ವನಿಗೂ ವಿವರಿಸಿದ್ದೇನೆ. “ಹತ್ತು ಮಂದಿ ಕೂಡಿ ಒಬ್ಬನ್ನ ಹೊಡಿಯೂದು ಯಾವ ನ್ಯಾಯ ಇದು?” ಎಂದಳು.

ನಿಮ್ಮ ನಿಯಮಗಳನ್ನು ಓದಿದೆ. ಎಲ್ಲಕ್ಕೂ ಒಪ್ಪಿಗೆ, ಆದರೆ ಕುತೂಹಲ ತಡೆಯಲಾಗುತ್ತಿಲ್ಲ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಬೇಕು, ಸರಿ. ಆದರೆ ಕಾರಣ ಹೇಳಬಾರದು ಎಂದಿದೆಯಲ್ಲ, ಯಾಕೆ? ರೇಡ್ ನಡೆಯುವಾಗ ನೌಕರಿಯ ಮಾತು ಆಡಬಾರದು ಯಾಕೆ? ಇನ್ನೊಬ್ಬರ ತಪ್ಪು ಕಂಡರೆ ಅಂದೇ, ಅವರಿಗೇ ಹೇಳಬೇಕು, ಬೆನ್ನ ಹಿಂದೆ ಆಡಿಕೊಂಡರೆ ಗಿಲ್ಡಿನಿಂದ ಹೊರಗೆ ಎಂದಿದೆ. ಇದನ್ನು ನಿಜವಾಗಿಯೂ ಪಾಲಿಸುತ್ತಾರೆಯೇ? ನಮ್ಮ ಮಂದಿ?

ಇತಿ,
ಚೇತನಾ

ಲಿವೋನಿಯಾ, 16 ಸೆಪ್ಟೆಂಬರ್ 2008

ಚೇತನಾ ಅವರೇ,

ನಿಮ್ಮ ಪತ್ರದಲ್ಲಿ ಒತ್ತಕ್ಷರಗಳೆಲ್ಲ ಬಿದ್ದು ಕೈಕಾಲು ಮುರಿದುಕೊಂಡಿವೆ. ಆದರೂ ಅರ್ಜಿ ಅಂಗೀಕಾರ. ಪ್ರಶ್ನೆ ಕೇಳದೆ ‘ಎಸ್ ಸರ್’ ಎಂದವರನ್ನು ನಾನು ಸೇರಿಸಿಕೊಳ್ಳುವುದಿಲ್ಲ.

ಕಾರಣ ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ಕೇಳದಿದ್ದರೆ ಮುಂದಿನ ವಾರ ಬರುತ್ತಾರೆ. ಇನ್ನು ನೌಕರಿ. ಕಾರು ಕಾರ್ಖಾನೆಗಳ ನಮ್ಮ ಕಡೆ ಈ ವರ್ಷ ಯಾರ ಕೆಲಸ ಇದೆ, ಯಾರದು ಹೋಗಿದೆ ಎಂದು ಯಾರಿಗೂ ಗೊತ್ತಿಲ್ಲ. ದೇವಸ್ಥಾನಕ್ಕೆ ಹೋದರೂ ಅದೇ ಮಾತು, ಪಾಟ್‌ಲಕ್ ಊಟಕ್ಕೆ ಹೋದರೂ ಅದೇ. ಗುಹೆಯೊಳಗಾದರೂ ಅದು ಬೇಡ. ಮೂರನೆಯದು ಅತಿ ಮುಖ್ಯ. ನಮ್ಮ ಜನ ಎದುರಿಗೆ “ಪರವಾಗಿಲ್ಲ ಬಿಡಿ” ಅಂದು ಮನೆಗೆ ಹೋಗುವ ದಾರಿಯಲ್ಲಿ ಕಾರಿನೊಳಗೆ ಬೈಯುತ್ತಾರೆ. ಅದನ್ನು ಬಿಡಿಸಲೆಂದೇ ಆ ನಿಯಮ ಬರೆದೆ.

ಆಟದಲ್ಲಿ ನಾನು ವೈದ್ಯ. ಹಗಲು ಸೌತ್‌ಫೀಲ್ಡಿನಲ್ಲಿ ಕಾರಿನ ಬ್ರೇಕುಗಳ ಎಂಜಿನಿಯರ್. ನನ್ನ ಪರದೆಯ ನಡುವೆ ಹತ್ತು ಹಸಿರು ಪಟ್ಟಿಗಳಿರುತ್ತವೆ, ಎಡಸಾಲಿನಲ್ಲಿ ಐದು, ಬಲಸಾಲಿನಲ್ಲಿ ಐದು. ಒಂದೊಂದು ಪಟ್ಟಿ ಒಬ್ಬೊಬ್ಬರ ಪ್ರಾಣ. ಯಾರದು ಕುಗ್ಗುತ್ತದೆಯೋ ಅವರಿಗೆ ಮಂತ್ರ ಹಾಕಿ ತುಂಬಿಸಬೇಕು. ಅನು ಇನ್ನೊಬ್ಬ ವೈದ್ಯೆ. ನಾವಿಬ್ಬರು ಕಣ್ಣು ಮಿಟುಕಿಸಿದರೆ ನಿಮ್ಮ ಕಥೆ ಮುಗಿಯಿತು.

ಮಂಗಳವಾರ, ಗುರುವಾರ ಏಳು ಗಂಟೆ. ಏಳು ಎಂದರೆ ನಮ್ಮ ಏಳು, ನಿಮಗೆ ಶಿಕಾಗೋದವರಿಗೆ ಆರು. ಊಟ ಮಾಡಿ ಬನ್ನಿ. ಮೈಕಿನಲ್ಲಿ ಹಪ್ಪಳ ಕಡಿಯುವ ಸದ್ದು ಕೇಳಿದರೆ ನನಗೆ ಹಸಿವಾಗುತ್ತದೆ. ನನ್ನ ಹೆಂಡತಿ ವತ್ಸಲಾಗೆ ಗಿಲ್ಡಿನ ಹೆಸರೇ ಸೇರುವುದಿಲ್ಲ. “ಬೇರೆ ಯಾರೂ ಸಿಗ್ಲಿಲ್ವಾ, ಹೋಗಿ ಹೋಗಿ ರಾವಣನ ಹೆಸರಿಟ್ರಲ್ಲ” ಎನ್ನುತ್ತಾಳೆ.

ಚಂದ್ರಮೌಳಿ

ಶಾಮ್‌ಬರ್ಗ್, 9 ನವೆಂಬರ್ 2008

ಅಂಕಲ್,

ಹಾಗೆ ಕರೆಯಲು ನೀವೇ ಹೇಳಿದಿರಿ, ಆದ್ದರಿಂದ ಕರೆಯುತ್ತಿದ್ದೇನೆ. ಎರಡು ತಿಂಗಳಲ್ಲಿ ಇಷ್ಟು ನಕ್ಕಿದ್ದು ಈ ದೇಶಕ್ಕೆ ಬಂದ ಮೇಲೆ ಇದೇ ಮೊದಲು. ಡಾಕ್ಟರ್ ಹೃಷೀಕೇಶ ಅವರು ಆಸ್ಪತ್ರೆಯಲ್ಲಿ ಎಷ್ಟು ಗಂಭೀರವೋ ಗೊತ್ತಿಲ್ಲ, ನಮ್ಮ ಗುಹೆಯಲ್ಲಿ ಕೊಡಲಿ ಹಿಡಿದು ‘ಹೋ’ ಎಂದು ಓಡುವುದನ್ನು ಅವರ ರೋಗಿಗಳು ನೋಡಬೇಕು.

ಒಂದು ಸಂದೇಹ. ಮೊನ್ನೆ ಗುರುವಾರ ನಾವು ಸೋತೆವಲ್ಲ, ಎಲ್ಲರೂ ಒಬ್ಬರಿಗೊಬ್ಬರು ತಪ್ಪು ಹೇಳಿಕೊಂಡರು. ನೀವಂತೂ ನನಗೆ ಉಪ್ಪುಖಾರ ಹಚ್ಚಿ ಹೇಳಿದಿರಿ. ನಿಮಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ನೀವು ತಪ್ಪೇ ಮಾಡುವುದಿಲ್ಲವೋ?

ನಮ್ಮ ಆಫೀಸಿನಲ್ಲಿ ಸುತ್ತಲಿನ ಕ್ಯೂಬಿಕಲ್‌ಗಳು ಖಾಲಿಯಾಗುತ್ತಿವೆ. ಪತ್ರದಲ್ಲಿ ನೌಕರಿಯ ಮಾತು ಬರೆಯಬಹುದಲ್ಲವೇ? ನಿಮ್ಮ ಕಡೆ ಹೇಗಿದೆ?

ಚೇತನಾ

ಲಿವೋನಿಯಾ, 2 ಡಿಸೆಂಬರ್ 2008

ಚೇತನಾ,

ಇಷ್ಟು ಅಧಿಕಪ್ರಸಂಗ ಮಾಡುವವಳಿಗೆ ಇನ್ನು ‘ನೀವು’ ಸಾಕು. ನಾನು ತಪ್ಪು ಮಾಡಿದರೆ ಹೇಳುತ್ತಾರೆ. ಹೇಳಿಲ್ಲವೆಂದರೆ ಮಾಡಿಲ್ಲವೆಂದು ಅರ್ಥ. ಇದು ಲೆಕ್ಕ.

ಈಗ ಆಜ್ಞೆ. ಹೊಸ ವರ್ಷದಿಂದ ರೇಡ್ ಕೂಗುವವಳು ನೀನು. ಯಾರು ಯಾವ ಸಾಲಿನಲ್ಲಿ ಇರಬೇಕು, ಯಾವಾಗ ಓಡಬೇಕು, ಎಲ್ಲಿ ನಿಲ್ಲಬೇಕು ಎಂದು ಗಟ್ಟಿಯಾಗಿ ಹೇಳುವುದು ನಿನ್ನ ಕೆಲಸ. ಮರ್ಯಾದೆ ಪಕ್ಕಕ್ಕಿಡು. ಕಳೆದ ವಾರ ನಮ್ಮ ಗಿಲ್ಡಿನ ಸತ್ಯ ರೇಡ್ ಕೂಗಿದ್ದನ್ನು ಕೇಳಿದೆಯಲ್ಲ? “ಡಾಕ್ಟ್ರೇ, ತಾವು ಸ್ವಲ್ಪ ಹಿಂದಕ್ಕೆ ಬರೋದಾದ್ರೆ...” ಎನ್ನುವಷ್ಟರಲ್ಲಿ ಡಾಕ್ಟ್ರು ಬೂದಿಯಾಗಿದ್ದರು.

ನಮ್ಮ ಕಡೆ ಎಲ್ಲ ಸುಖ. ಕೆಲಸದ ಒತ್ತಡ ಕಡಿಮೆಯಾಗಿದೆ, ಮನೆಯಲ್ಲಿರಲು ಹೊತ್ತು ಸಿಗುತ್ತಿದೆ. ಮಗಳು ವಿಭಾ ಹತ್ತಿರದಲ್ಲೇ ಇದ್ದಾಳೆ. ಅವಳ ಮಗಳು ಧೃತಿಯನ್ನು ಶನಿವಾರ ಈಜು ಕ್ಲಾಸಿಗೆ ಡ್ರೈವ್ ಮಾಡಿಕೊಂಡು ಹೋಗುವುದು ಈಗ ನನ್ನದೇ ಕೆಲಸ. ಆರು ವರ್ಷದ್ದು, ಬಾಯಿ ನಿನ್ನಷ್ಟೇ. “ಅಜ್ಜಾ, ಯು ಹಿಟ್ ದಿ ಮೇಲ್‌ಬಾಕ್ಸ್ ಅಗೇನ್!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ಕಾರಿನ ಎಡಗಡೆಯ ಕನ್ನಡಿ ಮುರಿಯಿತು, ನಿಜ. ಹಿಮ ತೆಗೆಯುವವನು ಆ ಟಪಾಲು ಡಬ್ಬಿಯ ಕಂಬವನ್ನು ಬಾಗಿಸಿ ಹೋಗಿದ್ದಾನೆ, ಇನ್ನೇನು.

ಚಂದ್ರಮೌಳಿ

ಶಾಮ್‌ಬರ್ಗ್, 21 ಜನವರಿ 2009

ಅಂಕಲ್,

ಸುಮ್ಮನೆ ಕುತೂಹಲಕ್ಕೆ ಕೇಳುತ್ತಿದ್ದೇನೆ. ನಿಮ್ಮ ಪರದೆ ಎಷ್ಟು ದೊಡ್ಡದು? ಎಷ್ಟು ದೂರದಲ್ಲಿ ಕೂರುತ್ತೀರಿ? ಪಕ್ಕದಲ್ಲಿ ಕಿಟಕಿ ಇದೆಯೇ, ಬೆಳಕು ಹೊಡೆಯುತ್ತದೆಯೇ? ಮೌಸ್ ಎಡಕ್ಕೆ ಸರಾಗವಾಗಿ ಹೋಗುತ್ತದೆಯೇ?

ಕೂಗುವ ಕೆಲಸಕ್ಕೆ ಬಂದ ಮೇಲೆ ಇವೆಲ್ಲ ತಿಳಿದಿರಬೇಕು ಅನ್ನಿಸಿತು. ಬೇರೆ ಏನೂ ಇಲ್ಲ.

ಚೇತನಾ

ಲಿವೋನಿಯಾ, 23 ಜನವರಿ 2009

ಚೇತನಾ,

ಪರದೆ ದೊಡ್ಡದು, ಕಿಟಕಿ ಇಲ್ಲ, ಮೌಸ್ ಹೊಸದು. ಮದುವೆಗೆ ಹುಡುಗನನ್ನು ವಿಚಾರಿಸುವ ಹಾಗೆ ವಿಚಾರಿಸುತ್ತೀಯಲ್ಲ.

ನನ್ನದೂ ಒಂದು ಪ್ರಶ್ನೆ. ನಿನ್ನೆ ಎಡಸಾಲಿನ ಐವರನ್ನು ಬಲಕ್ಕೂ ಬಲಸಾಲಿನವರನ್ನು ಎಡಕ್ಕೂ ಹಾಕಿದೆಯಲ್ಲ, ಯಾಕೆ? ಎಷ್ಟು ದಿನಗಳಿಂದ ಇದ್ದ ಸಾಲು ಅದು. ಅದಲುಬದಲು ಮಾಡಿದ ಮೇಲೆ, ಎಂದೂ ಸಾಯದ ಅನುವೇ ಸತ್ತಳು. ನಿನ್ನ ಪ್ರಯೋಗದ ಫಲ ಅದು.

ಇನ್ನೊಂದು ದೂರು. ನೀನು ಈಚೆಗೆ ಬರೆಯುವ ಸಾಲುಗಳಿಗೆ ತಲೆಯೇ ಇರುವುದಿಲ್ಲ. ಓದುತ್ತ ಹೋದರೆ ಅರ್ಥವಾಗದೆ ಮತ್ತೆ ಹಿಂದಕ್ಕೆ ಬರಬೇಕು. ವತ್ಸಲಾಗೆ ತೋರಿಸಿದರೆ ಅವಳು ಗಡಗಡ ಓದಿ, “ನೆಟ್ಟಗೇ ಬರ್ದಿದಾಳಲ್ರೀ” ಅಂದಳು. ಅವಳಿಗೆ ಎಲ್ಲರೂ ನೆಟ್ಟಗೆ, ನಾನೊಬ್ಬ ಸೊಟ್ಟ. ಊಟದ ಮನೆಯ ಕುರ್ಚಿಯನ್ನು ನನ್ನ ದಾರಿಗೆ ಅಡ್ಡ ಇಡುತ್ತಾಳೆ, ಎಡವಿದರೆ ನನ್ನನ್ನೇ ಬೈಯುತ್ತಾಳೆ.

ಚಂದ್ರಮೌಳಿ

ಶಾಮ್‌ಬರ್ಗ್, 30 ಜನವರಿ 2009, ಶುಕ್ರವಾರ

ಅಂಕಲ್,

ಈ ಪತ್ರವನ್ನು ದಯವಿಟ್ಟು ಆಂಟಿಯಿಂದ ಓದಿಸಿ. ಮಧ್ಯಾಹ್ನದಿಂದ ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ.

ನಾನು ಕೂಗುವ ಕೆಲಸ ಹಿಡಿದ ಮೊದಲ ವಾರವೇ ಅನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: “ಅಂಕಲ್ ಈಗೀಗ ಎಡಗಡೆಯವ್ರನ್ನ ಮರೀತಾರೆ ಕಣೇ. ಅದನ್ನ ನಾನು ನೋಡ್ಕೋತೀನಿ. ನೀನೇನೂ ಹೇಳ್ಬೇಡ, ಪಾಪ, ದೊಡ್ಡವರು.” ಆಮೇಲೆ ವಿಚಾರಿಸಿದರೆ ಎಲ್ಲರಿಗೂ ಗೊತ್ತಿದೆ. ಎಡಸಾಲಿನವರೆಲ್ಲ ಆಟದ ಔಷಧಿಯ ಬಾಟಲಿಗಳನ್ನು ತಾವೇ ಇಟ್ಟುಕೊಂಡು ಬರುತ್ತಾರೆ. ಸತ್ತರೆ “ನಂದೇ ತಪ್ಪು, ನಾನೇ ಬೆಂಕೀಲಿ ನಿಂತಿದ್ದೆ” ಎನ್ನುತ್ತಾರೆ. ಇದು ದೀಪಾವಳಿಯಿಂದ ನಡೆದಿದೆ. ನಾನೂ ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ.

ನೀವು ಆ ಐವರನ್ನು ಮರೆಯುತ್ತೀರಿ ಎಂದು ಎಲ್ಲರೂ ತಿಳಿದಿದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಬಲಗಡೆಯವರ ಪಟ್ಟಿ ಒಂದು ಕೂದಲು ಕುಗ್ಗಿದರೂ ತುಂಬಿಸುವ ಮನುಷ್ಯ ಎಡಗಡೆಯನ್ನೇ ಹೇಗೆ ಮರೆಯುತ್ತಾನೆ? ಅದಕ್ಕೇ ಸಾಲು ಅದಲುಬದಲು ಮಾಡಿ ನೋಡಿದೆ. ಆಗ ಅನು ಎಡಕ್ಕೆ ಬಂದಳು, ಸತ್ತಳು. ಎಡದಲ್ಲಿ ಸಾಯುತ್ತಿದ್ದ ಹೃಷೀಕೇಶ ಅವರು ಬಲಕ್ಕೆ ಬಂದು ಬದುಕಿದರು. ನಿನ್ನೆಯೂ ಹಾಗೇ ಆಯಿತು. ಅಂಕಲ್, ನೀವು ಯಾರನ್ನೂ ಮರೆಯುತ್ತಿಲ್ಲ. ಎಡಗಡೆ ಇರುವುದು ನಿಮಗೆ ಕಾಣುತ್ತಿಲ್ಲ. ನನ್ನ ಸಾಲುಗಳ ತಲೆ, ಕಾರಿನ ಕನ್ನಡಿ, ಊಟದ ಮನೆಯ ಕುರ್ಚಿ, ಎಲ್ಲವೂ ಎಡಗಡೆಯವೇ.

ಇವತ್ತು ಹೃಷೀಕೇಶ ಅವರಿಗೆ ನಿಮ್ಮ ಹೆಸರು ಹೇಳದೆ ಕೇಳಿದೆ. ಅವರು ನಗಲಿಲ್ಲ. “ಆ ಮನುಷ್ಯ ಡ್ರೈವ್ ಮಾಡ್ತಾನಾ? ಹಾಗಿದ್ರೆ ಮೊದಲು ಕಾರಿನ ಕೀಲಿ ತೆಗೆದಿಡಿ. ಆಮೇಲೆ ಆಸ್ಪತ್ರೆ. ತಡ ಮಾಡ್ಬೇಡಿ” ಅಂದರು. ಕೊನೆಗೆ “ಯಾರು ಅಂತ ಗೊತ್ತಾಯ್ತು” ಎಂದರು.

ಒಂದು ಸಣ್ಣ ಪರೀಕ್ಷೆ ಹೇಳಿಕೊಟ್ಟಿದ್ದಾರೆ. ಆಂಟಿಯ ಎದುರಿಗೆ ಕೂತು ಅವರ ಮೂಗನ್ನೇ ನೋಡಿ. ಅವರು ನಿಮ್ಮ ಎಡಕ್ಕೆ ಕೈ ಚಾಚಲಿ. ಕಂಡರೆ ನನ್ನನ್ನು ಬೈದು ಇನ್ನೊಂದು ಪತ್ರ ಬರೆಯಿರಿ, ಸಂತೋಷವಾಗಿ ಓದುತ್ತೇನೆ.

ನಾಳೆ ಶನಿವಾರ. ಧೃತಿಯನ್ನು ಕಾರಿನಲ್ಲಿ ಕೂರಿಸಿಕೊಳ್ಳಬೇಡಿ. ಕೈಮುಗಿದು ಕೇಳುತ್ತೇನೆ.

ಚೇತನಾ

ಲಿವೋನಿಯಾ, 31 ಜನವರಿ 2009

ಚೇತನಾ ಅವರೇ,

ನಿಮ್ಮ ಪತ್ರ ಓದಿದೆ. ಇನ್ನೊಬ್ಬರಿಂದ ಓದಿಸಿಕೊಳ್ಳುವ ಗತಿ ನನಗಿನ್ನೂ ಬಂದಿಲ್ಲ. ಇವತ್ತು ಮೊಮ್ಮಗಳನ್ನು ಈಜಿಗೆ ಕರೆದುಕೊಂಡು ಹೋಗಿ ಸುಖವಾಗಿ ವಾಪಸು ಬಂದೆ. ಬ್ರೇಕು ಮಾಡುವವನಿಗೆ ಕಾರು ಓಡಿಸಲು ಕಲಿಸುತ್ತೀರಾ?

ನನ್ನ ಬೆನ್ನ ಹಿಂದೆ ಒಂಬತ್ತು ಜನ ಸೇರಿ ನನ್ನ ವಿಷಯ ಮಾತಾಡಿದ್ದೀರಿ. ನನ್ನ ಮೇಲೆ ಪ್ರಯೋಗ ಮಾಡಿದ್ದೀರಿ. ಡಾಕ್ಟರ ಹತ್ತಿರ ಹೋಗಿ ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟಿರಿ! ನನ್ನ ಕೆಲಸ ಹೋಗಿ ಎರಡು ತಿಂಗಳಾಯಿತು. ಹೌದು, ಹೋಯಿತು. ಕೆಲಸದ ಜೊತೆ ಆಸ್ಪತ್ರೆ ಖರ್ಚಿನ ಇನ್ಶೂರೆನ್ಸೂ ಹೋಯಿತು. ವತ್ಸಲಾಗೆ ಎರಡನೆಯದು ಗೊತ್ತಿಲ್ಲ. ಹೊಸ ಕೆಲಸ ಸಿಗುವವರೆಗೆ ಕಾಯಿಲೆ ಬೀಳುವ ಹಾಗಿಲ್ಲ ಎಂದು ನಿರ್ಧರಿಸಿದ್ದೇನೆ, ಬಿದ್ದಿಲ್ಲ.

ಮುಂದಿನ ರೇಡಿನಿಂದ ನೀವು ಬರುವುದು ಬೇಡ.

ಚಂದ್ರಮೌಳಿ

ಶಾಮ್‌ಬರ್ಗ್, 1 ಫೆಬ್ರವರಿ 2009

ಅಂಕಲ್,

ಬರುವುದಿಲ್ಲ. ಆದರೆ ಇದು ನಿಮಗೆ ನನ್ನಿಂದಲೇ ತಿಳಿಯಬೇಕು: ಇವತ್ತು ಬೆಳಿಗ್ಗೆ ವಿಭಾ ಅವರ ನಂಬರ್ ಹುಡುಕಿ, ಅವರ ಮನೆಗೆ ಬಂದಿದ್ದ ಆಂಟಿಗೆ ಎಲ್ಲ ಹೇಳಿದೆ. ಇನ್ಶೂರೆನ್ಸಿನದ್ದೂ ಹೇಳಿದೆ. ಅದನ್ನು ಹೇಳುವ ಹಕ್ಕು ನನಗಿರಲಿಲ್ಲ, ಗೊತ್ತು. ಹೇಳದೆ ಕೂರುವ ಧೈರ್ಯವೂ ಇರಲಿಲ್ಲ.

ಆಂಟಿ ಕೇಳಿದರು, “ನಿಮಗೆಲ್ಲ ದೀಪಾವಳಿಯಿಂದ ಗೊತ್ತಿತ್ತಾ?” ಹೌದು ಅಂದೆ. ಅವರು ಫೋನ್ ಇಟ್ಟರು.

ಚೇತನಾ

ಲಿವೋನಿಯಾ, 15 ಮಾರ್ಚ್ 2009

ಚೇತನಾ,

ನಿಧಾನವಾಗಿ ಬರೆಯುತ್ತಿದ್ದೇನೆ. ಸಾಲಿನ ಎಡತುದಿಗೆ ಕೆಂಪು ಪಟ್ಟಿಯೊಂದನ್ನು ಅಂಟಿಸಿಕೊಂಡು, ಅದು ಕಾಣುವವರೆಗೆ ತಲೆ ತಿರುಗಿಸಬೇಕು. ಥೆರಪಿಯ ಹುಡುಗಿ ಕಲಿಸಿಕೊಟ್ಟಿದ್ದಾಳೆ.

ಆವತ್ತು ವತ್ಸಲಾ ಮನೆಗೆ ಬಂದವಳೇ ಕಾರಿನ ಕೀಲಿ ತೆಗೆದುಕೊಂಡಳು. ಎದುರಿಗೆ ಕೂರಿಸಿ, “ನನ್ನ ಮೂಗು ನೋಡಿ, ನಿಮ್ಮ ಎಡಗಡೆ ಏನು ಹಿಡ್ಕೊಂಡಿದೀನಿ ಹೇಳಿ” ಅಂದಳು. ಏನೂ ಹಿಡಿದಿಲ್ಲ ಅಂದೆ. ಸೌಟು ಹಿಡಿದಿದ್ದಳಂತೆ. ನನಗೆ ಸೌಟೂ ಇಲ್ಲ, ಸೌಟು ಹಿಡಿದ ಕೈಯೂ ಇಲ್ಲ. ಭುಜದವರೆಗೆ ಹೆಂಡತಿ, ಆಮೇಲೆ ಏನೂ ಇಲ್ಲ. ಅವಳು ಸೌಟು ಕೆಳಗಿಟ್ಟು ಅತ್ತಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೆ ಹೆದರಿಕೆಯಾದದ್ದು ಅದೇ ಮೊದಲು.

ಕಣ್ಣು ಎರಡೂ ಚೆನ್ನಾಗಿವೆಯಂತೆ. ತಲೆಯ ಹಿಂಭಾಗದಲ್ಲಿ, ಬಲಗಡೆ, ಯಾವಾಗಲೋ ಒಂದು ಸಣ್ಣ ಸ್ಟ್ರೋಕ್ ಆಗಿದೆ. ಮಿದುಳು ಎಡಗಡೆಯನ್ನು ನೋಡುವುದನ್ನೇ ಬಿಟ್ಟಿದೆ. ಕಪ್ಪಗೆ ಕಂಡಿದ್ದರೆ ನನಗೂ ತಿಳಿಯುತ್ತಿತ್ತು. ಕಪ್ಪೂ ಕಾಣುವುದಿಲ್ಲ, ಲೋಕವೇ ಅಷ್ಟು ಅನ್ನಿಸುತ್ತದೆ. ಹೃದಯದ ಬಡಿತ ತಾಳ ತಪ್ಪಿತ್ತು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಹೋಗಿ ಕೂತದ್ದಂತೆ. “ಇನ್ನೊಂದು ಹೋಗಿದ್ರೆ ನಾವು ಹೀಗೆ ಮಾತಾಡ್ತಿರಲಿಲ್ಲ” ಅಂದರು ಹೃಷೀಕೇಶ. ಈಗ ರಕ್ತ ತೆಳುವಾಗುವ ಮಾತ್ರೆ. ಆಸ್ಪತ್ರೆಯ ಬಿಲ್ಲಿನ ವಿಷಯವನ್ನು ವಿಭಾ ಅಲ್ಲಿಯವರ ಜೊತೆ ಮಾತಾಡುತ್ತಿದ್ದಾಳೆ. ನನ್ನನ್ನು ಹತ್ತಿರಕ್ಕೂ ಬಿಡುವುದಿಲ್ಲ.

ಗಿಲ್ಡಿನವರೆಲ್ಲ ಮನೆಗೆ ಬಂದಿದ್ದರು. ವತ್ಸಲಾ ಕಾಫಿ ಕೊಟ್ಟಳು, ಆಮೇಲೆ ಬೈದಳು. “ಮರ್ಯಾದೆ ಅಂತೆ ಮರ್ಯಾದೆ. ನಿಮ್ಮ ಮರ್ಯಾದೇಲಿ ಆ ಮಗು ಹೋಗಿದ್ರೆ?” ಅನು ತಲೆ ಎತ್ತಲಿಲ್ಲ. ಅಷ್ಟು ಜನ ಒಳ್ಳೆಯವರು ಸೇರಿ ನನ್ನನ್ನು ಕೊಲ್ಲುತ್ತಿದ್ದರು, ಚೇತನಾ. ಎಲ್ಲರೂ ಪ್ರೀತಿಯಿಂದ.

ನಿನ್ನನ್ನು ತೆಗೆದುಹಾಕಿದ್ದು ನನ್ನ ಮೂರ್ಖತನ. ವಾಪಸು ಬಾ, ಕೂಗುವವಳು ನೀನೇ. ಈಗ ಒಂದು ಮಾತು ಕೇಳುತ್ತೇನೆ. ಹತ್ತೂ ಪಟ್ಟಿಗಳನ್ನು ಬಲಗಡೆಗೆ ಸರಿಸಿಕೊಂಡಿದ್ದೇನೆ. ತಲೆ ತಿರುಗಿಸುವುದು ರೂಢಿಯಾಗಿದೆ. ಈ ಗುರುವಾರ ವೈದ್ಯನ ಜಾಗಕ್ಕೆ ಬರಲೇ? ಕೆಲಸ ಹೋಯಿತು, ಕಾರು ಹೋಯಿತು. ಇದೊಂದಾದರೂ ಉಳಿಯಲಿ. ಎಲ್ಲರೂ “ಬನ್ನಿ ಅಂಕಲ್, ಬನ್ನಿ” ಎಂದಿದ್ದಾರೆ. ನಿನ್ನನ್ನು ಕೇಳದೆ ಬರುವುದಿಲ್ಲ.

ನಿನ್ನ ಅಂಕಲ್,
ಚಂದ್ರಮೌಳಿ

ಶಾಮ್‌ಬರ್ಗ್, 17 ಮಾರ್ಚ್ 2009

ಅಂಕಲ್,

ನಿಮ್ಮ ಪತ್ರ ಓದಿ ಆಫೀಸಿನ ಬಾತ್‌ರೂಮಿನಲ್ಲಿ ಅತ್ತು ಬಂದೆ. ಬಾಸ್ ನನ್ನ ಮುಖ ನೋಡಿ ನನ್ನನ್ನೂ ಯಾರೋ ತೆಗೆದುಹಾಕಿದರೆಂದು ತಿಳಿದರು.

‘ಬನ್ನಿ’ ಎಂದು ಬರೆದುಬಿಡೋಣ ಎಂದೇ ಕೂತೆ. ಆದರೆ ತಡೆಯಲಾಗದೆ ಮೊದಲು ಒಂದು ಕೆಲಸ ಮಾಡಿದೆ. ನಿನ್ನೆ ನನ್ನ ಪರದೆಯ ಎಡ ಅರ್ಧಕ್ಕೆ ರಟ್ಟು ಅಂಟಿಸಿದೆ. ನೀವು ಹೇಳಿದ ಹಾಗೆ ಹತ್ತು ಪಟ್ಟಿಗಳನ್ನೂ ಬಲಕ್ಕಿಟ್ಟೆ. ಅನು, ಸತ್ಯ, ಉಳಿದವರನ್ನೆಲ್ಲ ಕರೆದು, ನಿಮ್ಮ ಜಾಗದಲ್ಲಿ ನಿಂತು ವೈದ್ಯೆಯಾಗಿ ಆಡಿದೆ. ನಡುನಡುವೆ ರಟ್ಟು ಎತ್ತಿ ಇಣುಕಿ ನೋಡುತ್ತಿದ್ದೆ, ನೀವು ತಲೆ ತಿರುಗಿಸುವ ಹಾಗೆ. ಪಟ್ಟಿಗಳೆಲ್ಲ ಕಂಡವು. ಆದರೆ ಬೆಂಕಿ ಎಡಗಡೆಯಿಂದ ಬಂತು, ನಾನು ಇಣುಕುವಷ್ಟರಲ್ಲಿ ಸುಟ್ಟುಹೋಗಿದ್ದೆ. ವೈದ್ಯೆ ಸತ್ತ ಮೇಲೆ ಎಲ್ಲರೂ ಸತ್ತರು. ಮತ್ತೆ ಆಡಿದೆವು, ಮತ್ತೆ ಹಾಗೇ ಆಯಿತು. ಅನು “ಆದ್ರೂ ಅಂಕಲ್‌ಗೆ ಹೇಳೋದು ಹೇಗೆ” ಅಂದಳು. “ನಾ ಹೇಳತೀನಿ” ಅಂದೆ.

ಬೇಡ ಅಂಕಲ್. ವೈದ್ಯನ ಜಾಗ ನಿಮಗೆ ಕೊಡುವುದಿಲ್ಲ. ಮುಂದೆ ಯಾವತ್ತಾದರೂ ಕೊಡುತ್ತೇನೆ ಎಂದು ಸುಳ್ಳು ಆಸೆಯನ್ನೂ ಹುಟ್ಟಿಸುವುದಿಲ್ಲ.

ದೂರ ನಿಂತು ಬಾಣ ಬಿಡುವವರ ಜಾಗ ಒಂದಿದೆ. ಅಲ್ಲಿ ಬೆಂಕಿ ಬಂದರೆ ನಾನು ಹೆಸರು ಹಿಡಿದು ಕೂಗುತ್ತೇನೆ. ಮನಸ್ಸಿದ್ದರೆ ಬನ್ನಿ. ಇಲ್ಲದಿದ್ದರೆ ನನ್ನ ಮೇಲೆ ಕೋಪ ಮಾಡಿಕೊಳ್ಳಿ, ಆದರೆ ಮಾತು ಬಿಡಬೇಡಿ. ಕಳೆದ ತಿಂಗಳು ಪೂರ್ತಿ ನಿಮ್ಮ ಪತ್ರ ಬರಲಿಲ್ಲ. ಅದನ್ನು ಇನ್ನೊಮ್ಮೆ ತಾಳಲಾರೆ.

ಚೇತನಾ

ಲಿವೋನಿಯಾ, 18 ಮಾರ್ಚ್ 2009

ಚೇತನಾ,

ಕೋಪ ಬಂದಿದೆ. ಸುಳ್ಳು ಯಾಕೆ ಹೇಳಲಿ? ನಿನ್ನ ಪತ್ರವನ್ನು ವತ್ಸಲಾಗೆ ತೋರಿಸಿದೆ. “ಸರಿಯಾಗೇ ಬರ್ದಿದಾಳೆ” ಅಂದಳು. ಈಗ ಅವಳ ಮೇಲೂ ಕೋಪ. ನಾಳೆ ಗುರುವಾರ ಬರುವುದಿಲ್ಲ. ಮುಂದಿನ ಗುರುವಾರ ಬಿಲ್ಲು ಹಿಡಿದು ಬರುತ್ತೇನೆ, ಅಷ್ಟರಲ್ಲಿ ಕೋಪ ಇಳಿದಿರುತ್ತದೆ.

ಈಗ ಧೃತಿಯನ್ನು ಈಜಿಗೆ ಕರೆದುಕೊಂಡು ಹೋಗುವವಳು ವತ್ಸಲಾ. ನಮ್ಮ ಬಡಾವಣೆ ದಾಟಿ ಕಾರು ಓಡಿಸಿದವಳೇ ಅಲ್ಲ. ಫ್ರೀವೇ ಹತ್ತುವುದಿಲ್ಲ, ಒಳರಸ್ತೆಯಲ್ಲೇ ಇಪ್ಪತ್ತೈದು ಮೈಲಿ ವೇಗದಲ್ಲಿ ತೆವಳುತ್ತಾಳೆ, ಹಿಂದಿನವರು ಹಾರ್ನ್ ಹೊಡೆದರೆ “ಹೊಡ್ಕೊಳ್ಳಿ” ಎನ್ನುತ್ತಾಳೆ. ನಾನು ಪಕ್ಕದಲ್ಲಿ ಕೂರುತ್ತೇನೆ. ರಸ್ತೆ ದಾಟುವಾಗ ಯಾರಾದರೂ ಬರುತ್ತಿದ್ದಾರೆಯೇ ಎಂದು ನನ್ನನ್ನು ಕೇಳುವುದಿಲ್ಲ. ಹಿಂದಿನ ಸೀಟಿನಲ್ಲಿರುವ ಮಗುವನ್ನು ಕೇಳುತ್ತಾಳೆ. “ನೋ ಕಾರ್ಸ್, ಅಜ್ಜಿ!” ಎಂದು ಅದು ಕೂಗಿದ ಮೇಲೆಯೇ ಕಾರು ಹೊರಡುವುದು. ನನಗೆ ಅದು ಸಹಿಸಲಾಗುವುದಿಲ್ಲ.

ಕಳೆದ ಶನಿವಾರ ಕೊಳದ ಬಳಿ ಬೆಂಚಿನ ಮೇಲೆ ಕೂತಿದ್ದೆ. ಧೃತಿ ನೀರಿನಿಂದ ಎದ್ದವಳು ಕಾಣಲೇ ಇಲ್ಲ. ಎಲ್ಲಿ ಹೋದಳೆಂದು ಹುಡುಕುತ್ತಿದ್ದೆ. ಎಡಗಡೆ ಬಂದು ನಿಂತಿದ್ದಳಂತೆ. ನಾನು ನೋಡಲಿಲ್ಲವೆಂದು ಸುತ್ತಿ ಬಲಕ್ಕೆ ಬಂದು, ಒದ್ದೆ ಕೈಯಿಂದ ನನ್ನ ಗದ್ದ ಹಿಡಿದು ತಿರುಗಿಸಿ, “ಹಿಯರ್, ಅಜ್ಜಾ” ಅಂದಳು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಆದರೂ ನಗುತ್ತಿದ್ದಳು. ಟವೆಲು ಹೊದಿಸಿ ಹಿಡಿದುಕೊಂಡೆ. “ಟೂ ಟೈಟ್” ಎಂದಳು. ಬಿಡಲಾಗಲಿಲ್ಲ.

ಚಂದ್ರಮೌಳಿ